ಒಂದು ಕೊಡ, ನಾಲ್ಕು ಊರು

ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗಿ ನೋಡಿ. ಕೆಳಗೆ ಸೇವಂತಿಗೆ, ಚೆಂಡುಹೂವಿನ ರಾಶಿ. ಮೇಲೆ ಸಾಲಾಗಿ ಬಗ್ಗಿ ನಿಂತ ಕ್ಯಾಮೆರಾಗಳು. ಎಲ್ಲರಿಗೂ ಸಿಗುವುದು ಹೆಚ್ಚುಕಡಿಮೆ ಒಂದೇ ಚಿತ್ರ. ತಪ್ಪೇನಿಲ್ಲ, ಕೈ ಪಳಗಬೇಕಾದರೆ ಅಲ್ಲಿಗೂ ಹೋಗಬೇಕು. ಆದರೆ ಇದೇ ಗೆಳೆಯರು ಸ್ವಲ್ಪ ಕಾಲದ ಮೇಲೆ ಬಂದು, “ಬೇರೆ ಬೇರೆ ಕಡೆ ಜನ ಹೇಗೆ ಬದುಕ್ತಾರೆ ಅಂತ ಒಂದು ಸ್ಟ್ರೀಟ್ ಫೋಟೋಗ್ರಫಿ ಪ್ರಾಜೆಕ್ಟ್ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು?” ಎಂದು ಕೇಳಿದಾಗ ಅವರ ಕೈಯಲ್ಲಿರುವುದು ಊರುಗಳ ಪಟ್ಟಿ. ಹಂಪಿ, ಬಾದಾಮಿ, ವಾರಾಣಸಿ, ಪುಷ್ಕರ, ಸಾಧ್ಯವಾದರೆ ಲಡಾಖ್. ಇನ್ನೂ ಹುರುಪಿನವರು ಕರ್ನಾಟಕದ 31 ಜಿಲ್ಲೆಗಳನ್ನೂ ಸುತ್ತುವ ಲೆಕ್ಕ ಹಾಕಿರುತ್ತಾರೆ. ಪೆಟ್ರೋಲು, ಲಾಡ್ಜು, ರಜೆ ಎಲ್ಲ ಬರೆದಿರುತ್ತದೆ. ಏನು ನೋಡಲು ಹೊರಟಿದ್ದೇವೆ ಎಂಬುದೊಂದನ್ನು ಬಿಟ್ಟು.

ಆ ಪಟ್ಟಿಯನ್ನು ಪಕ್ಕಕ್ಕಿಡಿ ಎನ್ನುವುದು ನನ್ನ ಮೊದಲ ಮಾತು. ಊರಿಗಿಂತ ಮುಂಚೆ ಬೇಕಾದದ್ದು ಒಂದು ಪ್ರಶ್ನೆ, ಅದೂ ಆದಷ್ಟು ಚಿಕ್ಕ ಪ್ರಶ್ನೆ. ‘ಜನ ಹೇಗೆ ಬದುಕುತ್ತಾರೆ’ ಎಂದು ಕೇಳಿಕೊಂಡು ಹೊರಟರೆ ಯಾವ ಫೋಟೋ ತೆಗೆದರೂ ಉತ್ತರವೇ. ಹಾಗಾಗಿ ಯಾವುದೂ ಉತ್ತರವಲ್ಲ. ‘ಈ ಮನೆಗೆ ಕುಡಿಯುವ ನೀರು ಎಲ್ಲಿಂದ, ಎಷ್ಟು ಹೊತ್ತಿಗೆ, ಯಾರ ಕೈಯಿಂದ ಬರುತ್ತದೆ’ ಎಂದು ಕೇಳಿಕೊಂಡು ಹೊರಟರೆ ಕಾಲಿಗೆ ದಾರಿ ಸಿಗುತ್ತದೆ, ಕಣ್ಣಿಗೆ ಕೆಲಸ ಸಿಗುತ್ತದೆ.

ಇದು ಹೊಸ ಉಪಾಯವೇನೂ ಅಲ್ಲ. 1935ರಲ್ಲಿ ಆರ್ಥಿಕ ಕುಸಿತ ಮತ್ತು ಬರದಿಂದ ಕಂಗೆಟ್ಟಿದ್ದ ಅಮೆರಿಕದಲ್ಲಿ ರೈತರಿಗೆ ನೆರವಾಗಲು ಸರ್ಕಾರ ಒಂದು ಇಲಾಖೆ ತೆರೆಯಿತು. ಮುಂದೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂದು ಹೆಸರಾದದ್ದು ಅದೇ. ಅದರ ಫೋಟೋ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದ ರಾಯ್ ಸ್ಟ್ರೈಕರ್ ಫೋಟೋಗ್ರಾಫರ್ ಅಲ್ಲ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವರು. ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್‌ರಂಥವರನ್ನು ಊರೂರಿಗೆ ಕಳಿಸುವಾಗ ಸ್ಟ್ರೈಕರ್ ಅವರ ಕೈಗೆ ‘ಶೂಟಿಂಗ್ ಸ್ಕ್ರಿಪ್ಟ್’ ಕೊಡುತ್ತಿದ್ದರು. 1936ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಲಿಂಡ್ ಜೊತೆ ಊಟಕ್ಕೆ ಕೂತು ಮಾತಾಡಿದ ಮೇಲೆ ಬರೆದ ಸ್ಕ್ರಿಪ್ಟ್ ಇವತ್ತಿಗೂ ಓದುವಂತಿದೆ. ಸಂಜೆ ಹೊತ್ತು ಮನೆಯಲ್ಲಿ ಜನ ಏನು ಮಾಡುತ್ತಾರೆ? ಉಳ್ಳವರು ಎಲ್ಲಿ ಸೇರುತ್ತಾರೆ, ಬಡವರು ಎಲ್ಲಿ? ಗಂಡಸರಿಗೆ ಇರುವಷ್ಟು ಸೇರುವ ಜಾಗ ಹೆಂಗಸರಿಗೂ ಇದೆಯೇ? ಗೋಡೆಗೆ ಏನು ತೂಗುಹಾಕಿದ್ದಾರೆ? ಇವೆಲ್ಲ ಕ್ಯಾಮೆರಾಕ್ಕೆ ಕಾಣುವ ಪ್ರಶ್ನೆಗಳು. ಬಡತನದ ಚಿತ್ರ ತೆಗೆದುಕೊಂಡು ಬಾ ಎಂದರೆ ಹರಿದ ಬಟ್ಟೆಯ ಮಗು ಬರುತ್ತದೆ; ಹೆಂಗಸರು ಎಲ್ಲಿ ಸೇರುತ್ತಾರೆ ನೋಡಿಕೊಂಡು ಬಾ ಎಂದರೆ ಊರೇ ಬರುತ್ತದೆ.

ಸ್ಟ್ರೈಕರ್‌ರನ್ನು ಹೊಗಳುವಾಗ ಒಂದು ಅಪಚಾರವನ್ನೂ ಹೇಳಬೇಕು. ತಮಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ತೂತು ಹೊಡೆಸಿಬಿಡುತ್ತಿದ್ದರು. ಮುಖದ ಮೇಲೆ, ಆಕಾಶದಲ್ಲಿ, ಹೊಲದ ನಡುವೆ ಕಪ್ಪು ಸೂರ್ಯನಂತೆ ಆ ತೂತು ಇವತ್ತಿಗೂ ಕಾಣುತ್ತದೆ. ಯೋಜನೆ ಬರೆದವನಿಗೇ ಕತ್ತರಿಯನ್ನೂ ಕೊಟ್ಟರೆ ಆಗುವುದು ಹೀಗೆ. ಆದರೂ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು ಉಳಿದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಒಂದೇ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳಿದವರು ಆಮೇಲೂ ಬಂದಿದ್ದಾರೆ. ಪೀಟರ್ ಮೆನ್ಜೆಲ್ 1994ರ ‘ಮೆಟೀರಿಯಲ್ ವರ್ಲ್ಡ್’ ಪುಸ್ತಕಕ್ಕಾಗಿ 30 ದೇಶಗಳ ಸಾಧಾರಣ ಕುಟುಂಬಗಳನ್ನು, ಅವರ ಮನೆಯ ಸಾಮಾನನ್ನೆಲ್ಲ ಹೊರಗೆ ಹರಡಿಸಿ ಚಿತ್ರಿಸಿದರು. ಸ್ವೀಡನ್ನಿನ ಆನಾ ರೋಸ್ಲಿಂಗ್ ರೊನ್‌ಲುಂಡ್ ರೂಪಿಸಿದ ‘ಡಾಲರ್ ಸ್ಟ್ರೀಟ್’ನಲ್ಲಿ ಮನೆಮನೆಯ ಒಲೆ, ಹಲ್ಲುಜ್ಜುವ ಬ್ರಷ್ಷು, ಹಾಸಿಗೆ, ಪಾಯಿಖಾನೆ ಹೀಗೆ ನೂರಕ್ಕೂ ಹೆಚ್ಚು ವಸ್ತುಗಳನ್ನು ಬಿಡದೆ ಚಿತ್ರಿಸಿ, ಆದಾಯದ ಪ್ರಕಾರ ಸಾಲಾಗಿ ಜೋಡಿಸಿದ್ದಾರೆ. ಒಂದೇ ದೇಶದ ಬಡವ ಮತ್ತು ಶ್ರೀಮಂತನ ಮನೆಗಳಿಗಿಂತ ಎರಡು ದೇಶಗಳ ಬಡವರ ಮನೆಗಳೇ ಹೆಚ್ಚು ಹೋಲುತ್ತವೆ ಎಂಬುದು ಅಲ್ಲಿ ಭಾಷಣವಿಲ್ಲದೆ ಕಂಡುಬಿಡುತ್ತದೆ. ನಮ್ಮ ರಘುಬೀರ್ ಸಿಂಗ್ ಇನ್ನೊಂದು ಬಗೆ ಹಿಡಿದರು. ದೇಶವಿಡೀ ಸುತ್ತಿ ಅಂಬಾಸಿಡರ್ ಕಾರಿನ ಕಿಟಕಿ, ಬಾಗಿಲು, ಕನ್ನಡಿಗಳ ಚೌಕಟ್ಟಿನಲ್ಲೇ ಭಾರತವನ್ನು ನೋಡಿದರು. ಅವರ ಮರಣಾನಂತರ ಬಂದ ‘ಎ ವೇ ಇಂಟು ಇಂಡಿಯಾ’ ಪುಸ್ತಕವನ್ನು ಹಿಡಿದಿಟ್ಟಿರುವುದು ಆ ಕಾರು.

ಸರಿ, ನೀರಿನ ಪ್ರಶ್ನೆಗೇ ಬರೋಣ. ಕರ್ನಾಟಕದಲ್ಲಿ ಇದನ್ನು ಹಿಡಿದು ಹೊರಟರೆ ನಾಲ್ಕು ಊರು ಸಾಕು, ನಾಲ್ಕೂ ನಾಲ್ಕು ಲೋಕ.

ಮೊದಲನೆಯದು ಹುಬ್ಬಳ್ಳಿ. ಅಲ್ಲಿನ ಹಳೇ ಓಣಿಗಳಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ ಎಂಬುದು ಬಹುಕಾಲದ ರೂಢಿ. 24 ತಾಸೂ ನೀರು ಕೊಡುವ ಯೋಜನೆ ಕೆಲವು ವಾರ್ಡುಗಳಿಗೆ ಬಂದು ವರ್ಷಗಳೇ ಆದರೂ ಪಕ್ಕದ ಓಣಿಗೆ ಅದೇ ಹಳೇ ಪಾಳಿ. ನೀರು ಬರುವ ದಿನ ಮದುವೆ ಮನೆಗೂ ಹೋಗುವುದು ಕಷ್ಟ. ಮನೆ ಮುಂದೆ ಬ್ಯಾರಲ್, ಸಿಂಟೆಕ್ಸ್, ಹಿತ್ತಾಳೆ ಹಂಡೆ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ, ಕೊನೆಗೆ ಚಹಾ ಪಾತ್ರೆ ಕೂಡ ಸಾಲಿಗೆ ಬರುತ್ತದೆ. ಹೊಸಬರು ಈ ಕೊಡಗಳ ಬಣ್ಣಕ್ಕೆ ಮರುಳಾಗಿ ಅದನ್ನೇ ತೆಗೆಯುತ್ತಾರೆ. ಆದರೆ ಇಡೀ ನಾಟಕದ ಸೂತ್ರಧಾರ ಬೇರೆ ಕಡೆ ಇದ್ದಾನೆ. ಅವನು ವಾಲ್ವ್‌ಮನ್. ಕೈಯಲ್ಲಿ ಎದೆಮಟ್ಟದ ಕಬ್ಬಿಣದ ಚಾವಿ, ಮೇಲ್ತುದಿಯಲ್ಲಿ ಅಡ್ಡಹಿಡಿ. ರಸ್ತೆಯ ನಡುವಿನ ಮುಚ್ಚಳ ತೆಗೆದು, ಆ ಚಾವಿ ಇಳಿಸಿ, ಮೈಭಾರ ಬಿಟ್ಟು ಸುತ್ತು ಹಾಕುತ್ತಾನೆ. ಎಷ್ಟು ಸುತ್ತಿಗೆ ಯಾವ ಓಣಿಯ ಕೊನೇ ಮನೆಗೆ ನೀರು ಹತ್ತುತ್ತದೆ ಎಂಬ ಲೆಕ್ಕ ಅವನ ಕೈಗೆ ಮಾತ್ರ ಗೊತ್ತು. ಅವನ ಹಿಂದೆ ಒಂದು ಪಾಳಿ ನಡೆದರೆ ಓಣಿಯ ರಾಜಕೀಯ, ಜಗಳ, ಮುಲಾಜು ಎಲ್ಲ ಬೀದಿಯಲ್ಲೇ ಕಾಣಸಿಗುತ್ತದೆ. “ನಮ್ಮ ಕಡೆ ಇನ್ನೊಂದ್ ಹತ್ತ್ ನಿಮಿಷ ಬಿಡ್ರಿ” ಎಂದು ಕೇಳುವವರು, ಚಹಾ ಕುಡಿಸುವವರು, ಕಿಟಕಿಯಿಂದಲೇ ಬೈಯುವವರು. ನೀರು ರಾತ್ರಿ ಎರಡಕ್ಕೆ ಬಂದರೆ ನೀವೂ ಎರಡಕ್ಕೇ ಏಳಬೇಕು. ಬೀದಿದೀಪದ ಹಳದಿ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಕಾಳುಕಾಳಾದ ಚಿತ್ರ, ಸಂಜೆಯ ಹೊಂಬಿಸಿಲಿನ ನುಣುಪು ಚಿತ್ರಕ್ಕಿಂತ ಹೆಚ್ಚು ನಿಜ ಹೇಳುತ್ತದೆ.

ಎರಡನೆಯದು ಪಾವಗಡದ ಕಡೆಯ ಒಂದು ಹಳ್ಳಿ. ಫ್ಲೋರೈಡ್ ಸೀಮೆ. ಇಲ್ಲಿ ನಳದ ನೀರು ಬೇರೆ, ಕುಡಿಯುವ ನೀರು ಬೇರೆ. ಶುದ್ಧ ನೀರಿನ ಘಟಕದ ಮುಂದೆ ಸೈಕಲ್ಲು, ಟಿವಿಎಸ್, ಎತ್ತಿನ ಗಾಡಿ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಗಮನಿಸಿ ನೋಡಿ: ಬೋರ್‌ವೆಲ್ ನೀರು ತರುವಾಗ ಕೊಡ ಹೆಂಗಸರ ಸೊಂಟದ ಮೇಲಿರುತ್ತದೆ. ಅದೇ ನೀರು ಯಂತ್ರದಿಂದ ಕ್ಯಾನಿಗೆ ಬಂದ ಕೂಡಲೇ ಗಂಡಸರು, ಹುಡುಗರು ಗಾಡಿ ಏರಿ ಬರುತ್ತಾರೆ. ಪಾತ್ರೆ ಬದಲಾದರೆ ಹೊರುವ ಮೈಯೂ ಬದಲಾಗುತ್ತದೆ. ಇದು ನಿಮ್ಮ ಊರಿನಲ್ಲಿ ಹಾಗೇ ಇರಬೇಕೆಂದಿಲ್ಲ, ನೋಡಿ ತಿಳಿಯಬೇಕಾದದ್ದು. ಹಿರಿಯರ ಹಲ್ಲಿನ ಕಂದುಕಲೆ, ಸೊಟ್ಟಗಾದ ಕಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ಅದರ ಮೇಲೆ ಲೆನ್ಸ್ ಇಡುವ ಮುಂಚೆ ಎರಡು ಸಲ ಯೋಚಿಸಿ. ಕಾಯಿಲೆಯ ದಾಖಲೆ ವೈದ್ಯರ ಕೆಲಸ. ಘಟಕದ ಮುಂದಿನ ಸಾಲು ನಿಮ್ಮ ಕೆಲಸ.

ಪುತ್ತೂರು, ವಿಟ್ಲ, ಅಡ್ಯನಡ್ಕದತ್ತ ಹೋದರೆ ಬೀದಿಯೇ ಮಾಯ. ಊರೆಂದರೆ ತೋಟದ ನಡುವೆ ಒಂದೊಂದೇ ಮನೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಆಳೆತ್ತರದ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ಪೈಪಿನಲ್ಲಿ ಅಂಗಳದ ಟಾಂಕಿಗೆ ಇಳಿಸುವ ಪದ್ಧತಿ ಈ ಗಡಿಸೀಮೆಯದು. ಹೀಗೆ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸ್ಟ್ರೀಟ್ ಫೋಟೋಗ್ರಫಿಯ ನಿಯಮ ಹಿಡಿದು ಕೂತವರು ಇಲ್ಲಿ ತಡಬಡಾಯಿಸುತ್ತಾರೆ. ಗುಂಪಿಲ್ಲ, ಸಾಲಿಲ್ಲ, ಜಗಳವಿಲ್ಲ. ನೀರಿಗಾಗಿ ಯಾರೂ ಯಾರಿಗೂ ಕಾಯುವುದಿಲ್ಲ ಎಂಬುದನ್ನೇ ಹೇಗಾದರೂ ಚಿತ್ರದಲ್ಲಿ ತರಬೇಕು. ಹುಬ್ಬಳ್ಳಿಯ ನೂಕುನುಗ್ಗಲಿನ ಪಕ್ಕದಲ್ಲಿ, ಯಾರೂ ಇಲ್ಲದ ಅಂಗಳದಲ್ಲಿ ತಾನೇ ತುಂಬುತ್ತಿರುವ ಟಾಂಕಿಯ ಚಿತ್ರ ಇಟ್ಟು ನೋಡಿ. ಒಂಟಿಯಾಗಿ ನೋಡಿದರೆ ಏನೂ ಇಲ್ಲದ ಚಿತ್ರ ಅದು.

ನಾಲ್ಕನೆಯದಕ್ಕೆ ಬೆಂಗಳೂರಿನ ಮಹದೇವಪುರದ ಅಂಚು. 2024ರ ಮಾರ್ಚ್‌ನಲ್ಲಿ ಟ್ಯಾಂಕರಿಗೆ ಪರದಾಡಿದ ಜಾಗ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಎಂದಾಯಿತು. ಕಾಗದದ ಮೇಲೆ ಕತೆ ಮುಗಿಯಿತು, ಬೀದಿಯಲ್ಲಿ ಮುಗಿದಿದೆಯೇ ಎಂದು ನೋಡುವುದೇ ನಿಮ್ಮ ಕೆಲಸ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಟ್ಯಾಂಕರ್ ನಂಬರು, ಹೊತ್ತು ಬರೆದುಕೊಳ್ಳುವ ರಿಜಿಸ್ಟರ್ ಇರುತ್ತದಲ್ಲ, ಅದರ ಒಂದು ಪುಟ, ಅದರ ಮೇಲೆ ಅವನ ಹೆಬ್ಬೆರಳು, ನನಗೆ ಇಂಥ ಚಿತ್ರಗಳೆಂದರೆ ಆಸೆ. ಕಾಂಪೌಂಡಿನ ಆಚೆಬದಿ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಲ್ಲಿ ನೀಲಿ ಡ್ರಮ್ಮುಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಅದೇ ದಿನ ನೋಡಿಬಿಡಿ.

ಕಾಲವನ್ನು ಮರೆಯಬೇಡಿ. ಇದನ್ನೆಲ್ಲ ಏಪ್ರಿಲ್ ಮೇನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ತೆಗೆಯಬೇಕು. ಡಿಸೆಂಬರಿನ ರಜೆಯಲ್ಲಿ ಹೋದರೆ ಹವೆ ಹಿತ, ಆದರೆ ಪ್ರಶ್ನೆ ಅರೆನಿದ್ದೆಯಲ್ಲಿರುತ್ತದೆ. ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 28 ಅಥವಾ 35 ಎಂಎಂ ಲೆನ್ಸ್ ಒಂದೇ ಸಾಕು, ಒಳ್ಳೆಯ ಮೊಬೈಲೂ ಸಾಕು. ಉದ್ದದ ಜೂಮ್ ಬಿಟ್ಟುಹೋಗಿ. ಅದಿದ್ದರೆ ರಸ್ತೆಯ ಆಚೆಯಿಂದಲೇ ಕದ್ದು ತೆಗೆಯುವ ಚಟ ಹತ್ತುತ್ತದೆ.

ಇಲ್ಲೊಂದು ಗುಂಡಿ ಇದೆ. ತಲೆಯ ಮೇಲೆ ಕೊಡ, ಸೊಂಟದಲ್ಲಿ ಇನ್ನೊಂದು, ಹಿಂದಿನಿಂದ ಬೆಳಗಿನ ಕಿರಣ, ಹೊಗೆಯಂಥ ದೂಳು. ಸಲೋನ್ ಸ್ಪರ್ಧೆಗಳಲ್ಲಿ ಪದಕ ಗೆದ್ದು ಗೆದ್ದು ಸವೆದ ಚಿತ್ರ. ಎಷ್ಟೋ ಸಲ ಹೆಂಗಸಿಗೆ ಹೊಸ ಸೀರೆ ಉಡಿಸಿ, ಖಾಲಿ ಕೊಡ ಹೊರಿಸಿ, ಮತ್ತೆ ಮತ್ತೆ ನಡೆಸಿ ತೆಗೆದದ್ದು. ತುಂಬಿದ ಕೊಡ ಹೊತ್ತವರ ಕುತ್ತಿಗೆಯ ನರ ಹಾಗೆ ಇರುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅರ್ಧ ಶತಮಾನ ಸಾಮಾನ್ಯ ಜನರನ್ನೇ ಚಿತ್ರಿಸಿದರು. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ನಡೆಯಿತು. ಅವರ ಚಿತ್ರಗಳಲ್ಲಿ ಯಾರೂ ನಮಗಾಗಿ ನಡೆದು ತೋರಿಸುತ್ತಿಲ್ಲ. ಅವರವರ ಕೆಲಸದಲ್ಲಿ ಅವರವರು ಇದ್ದಾರೆ.

ಜನರ ಕಡೆಯಿಂದಲೂ ನೋಡಬೇಕು. ಈಗ ಹಳ್ಳಿಯಲ್ಲಿ ಫೋಟೋ ಎಂದರೆ ನೆನಪಿಗಲ್ಲ, ಸಾಕ್ಷಿಗೆ. ಉದ್ಯೋಗ ಖಾತ್ರಿಯ ಹಾಜರಿಗೆ ದಿನಕ್ಕೆರಡು ಸಲ ಸಾಲಾಗಿ ನಿಂತು ಫೋಟೋ ಕೊಟ್ಟವರು ಅವರು. ಶೌಚಾಲಯದ ಬಾಗಿಲಲ್ಲಿ, ಹೊಸ ಮನೆಯ ಪಾಯದಲ್ಲಿ, ‘ಮನೆ ಮನೆಗೆ ಗಂಗೆ’ಯ ನಲ್ಲಿ ಪಕ್ಕದಲ್ಲಿ ನಿಂತಿದ್ದಾರೆ. ಹಾಗಾಗಿ ನೀವು ಕ್ಯಾಮೆರಾ ಎತ್ತಿದ ಕೂಡಲೇ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿ ಆಧಾರ್ ಕಾರ್ಡು ತಂದು ಎದೆಯ ಹತ್ತಿರ ಹಿಡಿದು ನಿಂತುಬಿಡಬಹುದು. “ಯಾವ ಸ್ಕೀಮಪ್ಪಾ ಇದು?” ಎನ್ನುತ್ತಾರೆ. ಯಾವುದೂ ಅಲ್ಲ, ನಾನು ಸರ್ಕಾರದವನಲ್ಲ, ಇದರಿಂದ ನಲ್ಲಿ ಬರುವುದಿಲ್ಲ ಎಂದು ಮೊದಲೇ ಬಿಡಿಸಿ ಹೇಳಬೇಕು. ಹಾಗೆ ಹೇಳಿದರೆ ಕೆಲವರು ಬೇಡ ಎನ್ನುತ್ತಾರೆ. ಬೇಡ ಎಂದರೆ ಬೇಡವೇ. ಆಸೆ ಹುಟ್ಟಿಸಿ ತೆಗೆದ ಚಿತ್ರ ಎಷ್ಟು ಚೆನ್ನಾಗಿದ್ದರೂ ಮೋಸ.

ಕಾನೂನಿನ ಮಾತನ್ನೂ ಆಡಿಬಿಡೋಣ. ನಮ್ಮಲ್ಲಿ ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯುವುದಕ್ಕೆ ಒಟ್ಟಾರೆ ನಿಷೇಧವಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ನೀರಿನ ಜಾಗವೆಂದರೆ ಸ್ನಾನದ, ಬಟ್ಟೆ ಒಗೆಯುವ ಜಾಗವೂ ಹೌದು; ಹೆಂಗಸರ ಖಾಸಗಿ ಹೊತ್ತನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ನೇರ ಅಪರಾಧ. ಕ್ಯಾಮೆರಾ ಹಿಡಿದು ಜರ್ಮನಿಗೆ ಹೋಗಿರುವ ನಮ್ಮ ಐಟಿ ಹುಡುಗರಿಗೆ ಇನ್ನೊಂದು ಮಾತು. ಅಲ್ಲಿ ಒಬ್ಬರ ಚಿತ್ರ ಪ್ರಕಟಿಸಲು ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕು. 1898ರಲ್ಲಿ ಇಬ್ಬರು ಫೋಟೋಗ್ರಾಫರುಗಳು ಬಿಸ್ಮಾರ್ಕನ ಸಾವಿನ ಕೋಣೆಗೆ ನುಗ್ಗಿ ಹೆಣದ ಫೋಟೋ ತೆಗೆದ ಗಲಾಟೆಯ ಫಲವಾಗಿ 1907ರಲ್ಲಿ ಬಂದ ಕಾನೂನು ಅದು.

ಇನ್ನು ಆಯ್ಕೆ. ರಾಬರ್ಟ್ ಫ್ರ್ಯಾಂಕ್ 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಹಳೇ ಕಾರಿನಲ್ಲಿ ಅಮೆರಿಕ ಸುತ್ತಿದರು. ಸುಮಾರು 27,000 ಫ್ರೇಮು ತೆಗೆದು ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಇಟ್ಟುಕೊಂಡದ್ದು 83. ಮುನ್ನೂರಕ್ಕೆ ಒಂದೂ ಇಲ್ಲ. ಯೋಜನೆಯಲ್ಲಿ ದೇಶವನ್ನೇ ಬರೆದುಕೊಂಡು ಹೊರಟವರು ಅವರು. ಆದರೆ ಪುಸ್ತಕ ತೆರೆದರೆ ಮತ್ತೆ ಮತ್ತೆ ಎದುರಾಗುವುದು ಬಾವುಟ, ಕಾರು, ಹಾಡಿನ ಪೆಟ್ಟಿಗೆ. ಚಿಲ್ಲರೆ ವಸ್ತುಗಳೇ ಪುಸ್ತಕದ ಹೊಲಿಗೆ. ನೀವೂ ನಿಮ್ಮ ಚಿತ್ರಗಳನ್ನು ಅಂಗೈಯಗಲ ಪ್ರಿಂಟು ಹಾಕಿಸಿ ನೆಲದ ಮೇಲೆ ಹರಡಿ. ಊರಿನ ಪ್ರಕಾರ ಜೋಡಿಸಿದರೆ ಪ್ರವಾಸದ ಆಲ್ಬಂ ಆಗುತ್ತದೆ. ಕಾಯುವವರು, ಹೊರುವವರು, ತುಂಬುವ ಕೈ, ತುಂಬಿದ ಪಾತ್ರೆ ಹೀಗೆ ಜೋಡಿಸಿ ನೋಡಿ. ಹುಬ್ಬಳ್ಳಿಯ ವಾಲ್ವ್‌ಮನ್ ಪಕ್ಕದಲ್ಲಿ ಮಹದೇವಪುರದ ಟ್ಯಾಂಕರ್ ಚಾಲಕ ಬಂದು ನಿಲ್ಲುತ್ತಾನೆ. ಯಾವ ಊರಿನಲ್ಲಿ ತೆಗೆದಿದ್ದರೂ ನಡೆಯುತ್ತಿತ್ತು ಎನಿಸುವ ಸುಂದರ ಚಿತ್ರವನ್ನು ತೆಗೆದು ಪಕ್ಕಕ್ಕಿಡುವುದು ಕಷ್ಟ, ಆದರೂ ಇಡಿ. ಈ ಹೊತ್ತಿಗೆ ಕತ್ತರಿ ಇನ್ನೊಬ್ಬರ ಕೈಯಲ್ಲಿದ್ದರೆ ಒಳ್ಳೆಯದು.

ತೆಗೆದುಕೊಂಡದ್ದನ್ನು ಮರಳಿಸುವ ಮಾತು ಯೋಜನೆಯಲ್ಲೇ, ಖರ್ಚಿನ ಪಟ್ಟಿಯಲ್ಲೇ ಇರಬೇಕು. ಲ್ಯಾಂಗ್ 1936ರಲ್ಲಿ ತೆಗೆದ ‘ಮೈಗ್ರಂಟ್ ಮದರ್’ ಜಗತ್ತಿಗೆಲ್ಲ ಗೊತ್ತು. ಆ ತಾಯಿಯ ಹೆಸರನ್ನು ಕೇಳಲಿಲ್ಲ ಎಂದು ಲ್ಯಾಂಗ್ ತಾವೇ ಬರೆದಿದ್ದಾರೆ. ಆಕೆ ಯಾರೆಂದು ಹೊರಗೆ ಗೊತ್ತಾದದ್ದು ನಾಲ್ಕು ದಶಕಗಳ ನಂತರ, ಆಗ ಆಕೆಗೆ ಆ ಚಿತ್ರದ ಬಗ್ಗೆ ಕಹಿಯೇ ಇತ್ತು. ಇದಕ್ಕೆ ಎದುರಾಗಿ ನಿಲ್ಲುವವರು ಬಫಲೋ ನಗರದ ಮಿಲ್ಟನ್ ರೊಗೊವಿನ್. ವೃತ್ತಿಯಲ್ಲಿ ಕನ್ನಡಕದ ವೈದ್ಯರು. 1972ರಲ್ಲಿ ತಮ್ಮ ಅಂಗಡಿಯ ಆಸುಪಾಸಿನ ಬಡ ಬಡಾವಣೆಯ ಜನರನ್ನು ಚಿತ್ರಿಸಲು ತೊಡಗಿ, ಪ್ರಿಂಟು ಹಾಕಿ ಅವರಿಗೇ ಕೊಟ್ಟರು. ಎಂಬತ್ತರ ದಶಕದಲ್ಲಿ ಮತ್ತೆ ಹೋಗಿ ಅದೇ ಜನರನ್ನು ಹುಡುಕಿದರು, ತೊಂಬತ್ತರ ದಶಕದಲ್ಲಿ ಮತ್ತೆ, ತಮ್ಮ ತೊಂಬತ್ತನೇ ವಯಸ್ಸು ದಾಟಿದ ಮೇಲೂ ಮತ್ತೆ. ಮೂರು, ನಾಲ್ಕು ಚಿತ್ರ ಪಕ್ಕಪಕ್ಕ ಇಟ್ಟರೆ ಹುಡುಗಿ ತಾಯಾಗಿ ಅಜ್ಜಿಯಾಗುತ್ತಾಳೆ. ದೂರದೂರು ಸುತ್ತುವ ಖರ್ಚೇ ಇಲ್ಲದೆ ಆದ ಕೆಲಸ ಇದು.

ನಿಮ್ಮ ನಾಲ್ಕು ಊರಿಗೂ ಹಾಗೆ ಪ್ರಿಂಟು ತೆಗೆದುಕೊಂಡು ಹೋಗಿ. ಗ್ಯಾಲರಿಗಿಂತ ಮುಂಚೆ ಆ ಓಣಿಯಲ್ಲೇ, ನೀರಿನ ಘಟಕದ ಗೋಡೆಯ ಮೇಲೇ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಹಾಕಿ, ಪ್ರತಿ ಚಿತ್ರದ ಕೆಳಗೆ ದಿನ, ಹೊತ್ತು, ಜಾಗ, ನೀವು ತಿಳಿದದ್ದು ಎರಡು ಸಾಲು ಬರೆಯಿರಿ. ತಿದ್ದುಪಡಿ ಬೇಗ ಬರುತ್ತದೆ. “ಇದು ಕಾವೇರಿ ನೀರಲ್ಲ, ಬೋರಿಂದು.” “ಈಕಿ ನಮ್ಮ ಓಣಿಯಾಕಿ ಅಲ್ರಿ, ನೀರಿಗಂತ ಬಂದಾಕಿ.” “ಆವತ್ತು ನೀರು ಬಂದಿದ್ದು ಎರಡಕ್ಕಲ್ಲ, ಮೂರೂವರೆಗೆ.” ಚೀಟಿ, ಪೆನ್ನು ಅಲ್ಲೇ ಇಟ್ಟಿರಿ, ಅವರೇ ಬರೆಯಲಿ. ಪುಸ್ತಕ ಅಚ್ಚಾಗುವಾಗ ನಿಮ್ಮ ಸಾಲನ್ನು ಹೊಡೆದುಹಾಕಿ ಅವರದನ್ನು ಹಾಕಿ.